ಪೆಟ್ಟಿಗೆ ಎತ್ತುವ ಶಾಟ್: ಫೀಡ್‌ಬ್ಯಾಕ್ ಹಿಡಿದು ಕ್ಯಾರೆಕ್ಟರ್ ಅನಿಮೇಶನ್ ತಿದ್ದುವ ಬಗೆ

3ಡಿ ಕಂಪ್ಯೂಟರ್ ಅನಿಮೇಶನ್‌ನ ಒಂದು ಶಾಟ್, ಇಷ್ಟೇ: ಒಬ್ಬ ಹುಡುಗಿ ನೆಲದ ಮೇಲಿರುವ ಪೆಟ್ಟಿಗೆಯನ್ನು ಎತ್ತಿ, ಹೊಟ್ಟೆಗೆ ಆನಿಸಿಕೊಂಡು ನಿಲ್ಲುತ್ತಾಳೆ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 144 ಫ್ರೇಮ್, ಅಂದರೆ 6 ಸೆಕೆಂಡು. ಮಾತಿಲ್ಲ, ಕ್ಯಾಮೆರಾ ಅಲುಗುವುದಿಲ್ಲ, ಹಿನ್ನೆಲೆ ಖಾಲಿ. ಬಾಲ್ ಬೌನ್ಸ್ (ಪುಟಿಯುವ ಚೆಂಡು), ವಾಕ್ ಸೈಕಲ್ (ಮರುಕಳಿಸುವ ನಡಿಗೆ) ಮುಗಿಸಿದವರು ಮುಂದೆ ಹಿಡಿಯುವ ಸಾಮಾನ್ಯ ಅಭ್ಯಾಸ ಇದು. ಇದರಲ್ಲಿ ತಪ್ಪು ಮುಚ್ಚಿಡಲು ಎಲ್ಲಿಯೂ ಜಾಗವಿಲ್ಲ, ಹಾಗಾಗಿ ಫೀಡ್‌ಬ್ಯಾಕನ್ನು ಕೆಲಸಕ್ಕೆ ಇಳಿಸುವುದು ಹೇಗೆಂದು ಕಲಿಯಲು ಇದು ಬಹಳ ಒಳ್ಳೆಯ ಶಾಟ್. ಬ್ಲಾಕಿಂಗ್‌ನಿಂದ (ಮುಖ್ಯ ಪೋಸ್‌ಗಳನ್ನಷ್ಟೇ ಇಡುವ ಮೊದಲ ಹಂತ) ಪಾಲಿಶ್‌ವರೆಗೆ (ಕೊನೆಯ ನಯಗೊಳಿಸುವ ಹಂತ) ಇದಕ್ಕೆ ಬಂದ ನೋಟ್ಸ್, ಅಂದರೆ ನೋಡಿದವರ ಟಿಪ್ಪಣಿಗಳು, ಯಾವುವು, ಅವುಗಳ ಹಿಂದಿದ್ದ ನಿಜವಾದ ಕಾರಣ ಏನು, ತಿದ್ದಿದ್ದು ಯಾವ ಕ್ರಮದಲ್ಲಿ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ನೋಡುವವರು ಹೇಳುವುದು ತಮಗೆ ತಪ್ಪು ಕಂಡ ಜಾಗವನ್ನು. ತಪ್ಪು ಹುಟ್ಟಿದ ಜಾಗ ಬಹುಪಾಲು ಬೇರೆಯೇ ಆಗಿರುತ್ತದೆ. ಕೈ ತೇಲುತ್ತಿದೆ ಅಂದರೆ ಕಾರಣ ಸೊಂಟದಲ್ಲಿರಬಹುದು. 100ನೇ ಫ್ರೇಮಿನಲ್ಲಿ ಏನೋ ಸರಿಯಿಲ್ಲ ಅಂದರೆ ಕೆಟ್ಟಿದ್ದು 90ನೇ ಫ್ರೇಮಿನಲ್ಲಿರಬಹುದು. ದೇಹದಲ್ಲಿ ಕೆಳಗೆ, ಟೈಮ್‌ಲೈನಿನಲ್ಲಿ ಹಿಂದೆ ಹುಡುಕಬೇಕು. ಈ ಶಾಟಿನ ಪ್ರತಿ ಸುತ್ತಿನಲ್ಲೂ ಇದೇ ಮತ್ತೆ ಮತ್ತೆ ಖಚಿತವಾಗುತ್ತಾ ಹೋಯಿತು.

ಕೀ ಹಾಕುವ ಮೊದಲು

ಕೀ ಎಂದರೆ ಒಂದು ಫ್ರೇಮಿನಲ್ಲಿ ದೇಹದ ಭಾಗ ಎಲ್ಲಿರಬೇಕು ಎಂದು ಹಾಕುವ ಗುರುತು. ಯಾವುದೇ ಶಾಟ್ ಫೀಡ್‌ಬ್ಯಾಕಿಗೆ ಹೋಗುವ ಮೊದಲು ಅದರ ಉದ್ದೇಶ ಒಂದು ವಾಕ್ಯದಲ್ಲಿ ಬರೆದಿರಬೇಕು. ‘ಹುಡುಗಿ ಪೆಟ್ಟಿಗೆ ಎತ್ತುತ್ತಾಳೆ’ ಎನ್ನುವುದು ಸಾಲದು, ಅದು ಬರೀ ಕ್ರಿಯೆ. ಇಲ್ಲಿ ಬರೆದುಕೊಂಡಿದ್ದು ಹೀಗೆ: ‘ಪೆಟ್ಟಿಗೆ ಹಗುರ ಎಂದುಕೊಂಡು ಕೈಹಾಕಿದವಳಿಗೆ ಅದರ ಭಾರ ಗೊತ್ತಾಗುತ್ತದೆ, ಮೈ ಸಜ್ಜು ಮಾಡಿಕೊಂಡು ಮತ್ತೆ ಎತ್ತುತ್ತಾಳೆ.’ ಈಗ ಶಾಟಿನಲ್ಲಿ ಒಂದು ಯೋಚನೆ ಬದಲಾಗುವ ಕ್ಷಣ ಸಿಕ್ಕಿತು. ಮುಂದೆ ಯಾರು ಯಾವ ನೋಟ್ ಕೊಟ್ಟರೂ ತೂಗಿ ನೋಡಲು ಈ ವಾಕ್ಯವೇ ಅಳತೆ. ವಾಕ್ಯಕ್ಕೆ ನೆರವಾಗುವ ನೋಟ್ ತೆಗೆದುಕೊಳ್ಳಬೇಕು, ಬೇರೆ ಶಾಟ್ ಆಗಿಸುವ ನೋಟನ್ನು ಗೌರವದಿಂದಲೇ ಪಕ್ಕಕ್ಕಿಡಬೇಕು.

ರೆಫರೆನ್ಸ್ ವಿಡಿಯೊ (ನೋಡಿಕೊಂಡು ಅನಿಮೇಟ್ ಮಾಡಲು ನಿಜವಾದ ಅಭಿನಯದ ವಿಡಿಯೊ) ತೆಗೆಯುವಾಗ ನಿಜವಾಗಿ ಭಾರವಿರುವ ವಸ್ತುವನ್ನೇ ಎತ್ತಬೇಕು. ಖಾಲಿ ಡಬ್ಬ ಹಿಡಿದು ಭಾರದಂತೆ ನಟಿಸಿದರೆ ಮುಖ ಮಾತ್ರ ಕಷ್ಟಪಡುತ್ತದೆ, ಸೊಂಟ ಸುಳ್ಳು ಹೇಳುತ್ತದೆ. ಮುಂದಿನಿಂದ ಒಂದು, ಪಕ್ಕದಿಂದ ಒಂದು ವಿಡಿಯೊ ಇರಲಿ. ತೂಕ ಮುಂದಕ್ಕೆ ಹಿಂದಕ್ಕೆ ಹೇಗೆ ಸರಿಯಿತು ಎಂಬುದು ಪಕ್ಕದ ನೋಟದಲ್ಲಿ ಮಾತ್ರ ಸ್ಪಷ್ಟವಾಗುತ್ತದೆ. ಇನ್ನೊಂದು ವಿಷಯ, ಮೊಬೈಲಿನಲ್ಲಿ ತೆಗೆದ ವಿಡಿಯೊದ ಫ್ರೇಮ್ ರೇಟ್ ಎಷ್ಟೋ ಸಲ ಒಂದೇ ಸಮನಾಗಿರುವುದಿಲ್ಲ. ಅದನ್ನು ಹಾಗೇ ಸೀನಿಗೆ ತಂದರೆ ಫ್ರೇಮ್ ಎಣಿಕೆ ಹೊಂದುವುದಿಲ್ಲ. ಮೊದಲು ಸ್ಥಿರ 24ಕ್ಕೆ ಬದಲಾಯಿಸಿಕೊಂಡು, ಆಮೇಲೆ ಫ್ರೇಮ್ ಗುರುತು ಹಾಕಿಕೊಳ್ಳಬೇಕು.

ಬ್ಲಾಕಿಂಗ್: ‘ಏನು ಕಾಣಿಸಿತು?’

ಮೊದಲ ಫೀಡ್‌ಬ್ಯಾಕ್ ಕೇಳಬೇಕಾದ್ದು ಬ್ಲಾಕಿಂಗ್ ಹಂತದಲ್ಲಿ, ಕೀಗಳೆಲ್ಲ ಸ್ಟೆಪ್ಡ್ ಆಗಿರುವಾಗ, ಅಂದರೆ ನಡುವಿನ ಚಲನೆಯಿಲ್ಲದೆ ಒಂದು ಪೋಸಿನಿಂದ ಇನ್ನೊಂದಕ್ಕೆ ನೇರ ಜಿಗಿಯುವಾಗ. ಹದಿನಾಲ್ಕು ಹದಿನೈದು ಪೋಸ್ ಇರುವಾಗ ಒಂದು ಪೋಸ್ ಎತ್ತಿ ಬಿಸಾಡುವುದು ಸುಲಭ. ಸ್ಪ್ಲೈನ್ ಮಾಡಿ (ಪೋಸ್‌ಗಳ ನಡುವಿನ ಚಲನೆಯನ್ನು ಕಂಪ್ಯೂಟರ್ ತುಂಬುವಂತೆ ಮಾಡಿ), ಬೆರಳುಗಳವರೆಗೆ ಕೀ ಹಾಕಿದ ಮೇಲೆ ಅದೇ ಪೋಸ್ ಬದಲಿಸಲು ಮನಸ್ಸೂ ಬರುವುದಿಲ್ಲ, ಸಮಯವೂ ಇರುವುದಿಲ್ಲ. ಬಹಳ ಜನ ಚೆನ್ನಾಗಿ ಕಾಣಲಿ ಎಂದು ಕಾದು, ಅರ್ಧ ಪಾಲಿಶ್ ಮಾಡಿ ತೋರಿಸುತ್ತಾರೆ. ಆಗ ನೋಡುವವರೂ ಸಂಕೋಚಪಟ್ಟು ಬೆರಳಿನ ಬಗ್ಗೆ, ಕಣ್ಣಿನ ಬಗ್ಗೆ ಹೇಳಿ ಸುಮ್ಮನಾಗುತ್ತಾರೆ. ಕಥೆಯೇ ತಲುಪಿಲ್ಲ ಎಂಬುದು ಹೊರಗೆ ಬರುವುದೇ ಇಲ್ಲ.

ತೋರಿಸುವುದು ಪ್ಲೇಬ್ಲಾಸ್ಟನ್ನು (ಸಾಫ್ಟ್‌ವೇರ್ ಬೇಗ ತೆಗೆದುಕೊಡುವ ಪರೀಕ್ಷಾ ವಿಡಿಯೊ), ವ್ಯೂಪೋರ್ಟನ್ನಲ್ಲ (ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವ ಕಿಟಕಿ). ರಿಗ್ (ಪಾತ್ರವನ್ನು ಅಲುಗಿಸುವ ಎಲುಬು, ಹಿಡಿಕೆಗಳ ವ್ಯವಸ್ಥೆ) ಭಾರವಿದ್ದರೆ ವ್ಯೂಪೋರ್ಟ್ ನಿಧಾನವಾಗಿ ಓಡುತ್ತದೆ ಇಲ್ಲವೇ ಫ್ರೇಮ್ ಹಾರಿಸುತ್ತದೆ, ಅದನ್ನು ನಂಬಿ ಟೈಮಿಂಗ್ ನಿರ್ಧರಿಸಲಾಗದು. ಪ್ಲೇಬ್ಲಾಸ್ಟಿನ ಮೂಲೆಯಲ್ಲಿ ಫ್ರೇಮ್ ನಂಬರ್ ಇರಬೇಕು, ಫೈಲ್ ಹೆಸರಿನಲ್ಲಿ ವರ್ಷನ್ ಇರಬೇಕು. ‘ಆ ಬಗ್ಗುವ ಜಾಗ’ ಎನ್ನುವ ಮಾತಿಗೂ ‘ಮೂರನೇ ವರ್ಷನ್, 52ನೇ ಫ್ರೇಮ್’ ಎನ್ನುವುದಕ್ಕೂ ತಿದ್ದುವಾಗ ತುಂಬ ವ್ಯತ್ಯಾಸವಿದೆ.

ತೋರಿಸುವ ಮೊದಲು ಏನನ್ನೂ ವಿವರಿಸಬಾರದು. ಲೂಪ್ ಹಾಕದೆ ಒಂದು ಸಲ ಪ್ಲೇ ಮಾಡಿ, ‘ಏನು ಕಾಣಿಸಿತು?’ ಎಂದಷ್ಟೇ ಕೇಳಬೇಕು. ‘ಚೆನ್ನಾಗಿದೆಯಾ?’ ಎಂದು ಕೇಳಿದರೆ ಚೆನ್ನಾಗಿದೆ ಎಂಬ ಉತ್ತರವೇ ಬರುತ್ತದೆ. ಲೂಪಿನಲ್ಲಿ ಮೂರು ನಾಲ್ಕು ಸಲ ಓಡಿದ ಮೇಲೆ ಕಣ್ಣು ಒಗ್ಗಿಕೊಂಡು ಅರ್ಥವಾಗದ್ದನ್ನೂ ತಾನೇ ತುಂಬಿಸಿಕೊಳ್ಳುತ್ತದೆ. ನಿಜವಾದ ಪ್ರೇಕ್ಷಕ ನೋಡುವುದು ಒಂದೇ ಸಲ.

ಅನಿಮೇಶನ್ ಗೊತ್ತಿಲ್ಲದ ಒಬ್ಬರಿಂದ ಬಂದ ಉತ್ತರ: ‘ಪೆಟ್ಟಿಗೆ ಒಳಗೆ ಏನೋ ಹುಡುಕ್ತಾ ಇದ್ದಾಳೆ.’ ಇಂಥ ಉತ್ತರಕ್ಕೆ ಬೆಲೆ ಕಟ್ಟಲಾಗದು. ಗೊತ್ತಿರುವವರು ಇದೇ ತೊಂದರೆಯನ್ನು ‘36ರಿಂದ 48ರವರೆಗೆ ಸಿಲೂಯೆಟ್ ವೀಕ್’ ಎನ್ನುತ್ತಾರೆ, ಅಂದರೆ ಪಾತ್ರದ ಹೊರ ಆಕಾರ ಸ್ಪಷ್ಟವಿಲ್ಲ. ಎರಡೂ ಒಂದೇ ಮಾತು. ಪಾತ್ರ ಕ್ಯಾಮೆರಾಕ್ಕೆ ನೇರ ಮುಖ ಮಾಡಿ ಬಗ್ಗಿದ್ದರಿಂದ ತಲೆ, ಭುಜ, ಕೈ, ಪೆಟ್ಟಿಗೆ ಎಲ್ಲ ಒಂದೇ ಗುಪ್ಪೆಯಾಗಿ ಕಾಣುತ್ತಿದ್ದವು. ಪರೀಕ್ಷಿಸುವುದು ಸುಲಭ: ಲೈಟ್ ಆರಿಸಿ, ಪಾತ್ರವನ್ನು ಪೂರ್ತಿ ಕಪ್ಪಾಗಿಸಿ ಆ ಫ್ರೇಮ್ ನೋಡಬೇಕು. ಕೈ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಪೋಸ್ ಕೆಲಸ ಮಾಡುತ್ತಿಲ್ಲ.

ಪಾತ್ರವನ್ನೂ ಪೆಟ್ಟಿಗೆಯನ್ನೂ ಸುಮಾರು 35 ಡಿಗ್ರಿ ತಿರುಗಿಸಿದಾಗ ತೋಳಿಗೂ ಎದೆಗೂ ನಡುವೆ ಬೆಳಕು ಬಂತು. ಅದಕ್ಕಿಂತ ಮುಖ್ಯವಾದದ್ದು ಹಿಂದಿನ ಪೋಸಿನಲ್ಲಿತ್ತು. ಹಿಡಿಯುವ ಪೋಸ್‌ಗೂ (36) ಎಳೆಯುವ ಪೋಸ್‌ಗೂ (44) ವ್ಯತ್ಯಾಸ ಬೆರಳಗಲ ಮಾತ್ರ. ಎಳೆದಳು ಎಂದು ತಿಳಿಯಬೇಕಾದರೆ 36ರಲ್ಲಿ ಮೊಣಕೈ ಮಡಚಿ, ಭುಜ ಸಡಿಲವಾಗಿ, ತಲೆ ಅರ್ಧ ಬೇರೆ ಕಡೆ ತಿರುಗಿರಬೇಕು, ಅಂದರೆ ಅವಳಿಗೆ ಇದು ಲೆಕ್ಕಕ್ಕಿಲ್ಲದ ಕೆಲಸ. 44ರಲ್ಲಿ ಮೊಣಕೈ ನೇರ, ಎದೆ ಮೇಲೆ, ಕೈ ಮಾತ್ರ ಪೆಟ್ಟಿಗೆಗೆ ಅಂಟಿಕೊಂಡಿರಬೇಕು. ಮೈ ಮೇಲೆ ಹೋಗಿ ಕೈ ಅಲ್ಲೇ ಉಳಿದಾಗ ಭಾರದ ಮಾತು ಮೊದಲ ಸಲ ಕೇಳಿಸುತ್ತದೆ. ತಲೆ ಇನ್ನೆರಡು ಫ್ರೇಮ್ ಹೊತ್ತು ಮುಂದುವರಿದು, 46ರಲ್ಲಿ ಜಗ್ಗಿ ವಾಪಸಾಗುತ್ತದೆ.

ಆಮೇಲೆ 48ರಿಂದ 72ರವರೆಗಿನ ಯೋಚನೆ. ಇಲ್ಲಿ ಮೊದಲು ಮೂರು ಪೋಸ್ ತುರುಕಲಾಗಿತ್ತು: ಪೆಟ್ಟಿಗೆ ನೋಡುವುದು, ಕೈ ಒರೆಸಿಕೊಳ್ಳುವುದು, ಕಾಲು ಸರಿಸುವುದು. ಒಂದೊಂದಕ್ಕೂ ಎಂಟು ಫ್ರೇಮ್ ಸಿಕ್ಕಿದರೂ ಹೋಗಿಬರುವುದರಲ್ಲೇ ಅಷ್ಟೂ ಖರ್ಚಾಗಿ, ನಿಂತು ಓದಲು ಏನೂ ಉಳಿಯುತ್ತಿರಲಿಲ್ಲ. ಕೈ ಒರೆಸುವುದನ್ನು ತೆಗೆದುಹಾಕಿ, ಮೈಯನ್ನು ಹತ್ತು ಫ್ರೇಮ್ ನಿಲ್ಲಿಸಿ ಕಣ್ಣನ್ನು ಮಾತ್ರ ಪೆಟ್ಟಿಗೆಯ ಮೇಲಿನಿಂದ ಕೆಳಗಿನ ಅಂಚಿಗೆ ಇಳಿಸಿದಾಗ ಯೋಚನೆ ಓದಿಸಿಕೊಂಡಿತು. ಪೋಸ್ ಕಳೆದಷ್ಟೂ ನಟನೆ ಸ್ಪಷ್ಟವಾಗುವುದನ್ನು ಕಣ್ಣಾರೆ ಕಂಡರೆ ಮಾತ್ರ ನಂಬಿಕೆ ಬರುತ್ತದೆ.

‘ಮುಂದಕ್ಕೆ ಬೀಳ್ತಾಳೆ ಅನ್ನಿಸ್ತು’

ಎತ್ತಿ ನಿಂತ ಕೊನೆಯ ಪೋಸ್‌ಗೆ ಬಂದ ನೋಟ್ ಇದು. ‘ಪೆಟ್ಟಿಗೆ ಖಾಲಿ ಇದ್ದ ಹಾಗಿದೆ’ ಎಂದು ಇನ್ನೊಬ್ಬರು. ಎರಡಕ್ಕೂ ಮೂಲ ಒಂದೇ, ತೂಕದ ಲೆಕ್ಕ. ಪಾತ್ರದ ತೂಕ 60 ಕಿಲೊ, ಪೆಟ್ಟಿಗೆ 20 ಕಿಲೊ, ಪೆಟ್ಟಿಗೆಯ ಮಧ್ಯಭಾಗ ಅವಳ ದೇಹದ ಗುರುತ್ವ ಕೇಂದ್ರದಿಂದ 40 ಸೆಂಟಿಮೀಟರ್ ಮುಂದೆ ಇದೆ ಎಂದುಕೊಳ್ಳೋಣ. ಒಟ್ಟು 80ರಲ್ಲಿ 20 ಅಂದರೆ ನಾಲ್ಕನೇ ಒಂದು. ಆದ್ದರಿಂದ ಅವಳದೂ ಪೆಟ್ಟಿಗೆಯದೂ ಸೇರಿದ ಗುರುತ್ವ ಕೇಂದ್ರ 10 ಸೆಂಟಿಮೀಟರ್ ಮುಂದೆ ಹೋಗುತ್ತದೆ. ಅದನ್ನು ಮತ್ತೆ ಪಾದದ ಮೇಲೆ ತರಬೇಕಾದರೆ ಮೈ 10 ಸೆಂಟಿಮೀಟರ್ ಹಿಂದೆ ಸರಿಯಲೇಬೇಕು. ಪೆಟ್ಟಿಗೆಯನ್ನು ಹೊಟ್ಟೆಗೆ ಒತ್ತಿ ಹಿಡಿದು ಅಂತರ 28ಕ್ಕೆ ಇಳಿಸಿದರೆ 7 ಸೆಂಟಿಮೀಟರ್ ಸಾಕು. ಭಾರ ಹೊತ್ತವರು ಮೈಗೆ ಆನಿಸಿಕೊಳ್ಳುವುದು ಇದಕ್ಕೇ.

ರಿಗ್‌ನಲ್ಲಿ ಇದನ್ನು ಬೆನ್ನಿನ ಕಂಟ್ರೋಲ್ (ಅಲುಗಿಸುವ ಹಿಡಿಕೆ) ಒಂದರಿಂದಲೇ ಮಾಡಲು ಹೋದರೆ ಬಿಲ್ಲಿನಂತೆ ಬಾಗಿ ಕೃತಕವಾಗುತ್ತದೆ. ಮೊದಲು ಪಕ್ಕದ ನೋಟದಲ್ಲಿ, ಎರಡೂ ಕೇಂದ್ರ ಸೇರಿದ ಬಿಂದುವಿನಿಂದ ನೆಲಕ್ಕೆ ಒಂದು ನೇರ ಗೆರೆ ಎಳೆದುಕೊಳ್ಳಬೇಕು. ಆ ಗೆರೆ ಪಾದದೊಳಗೆ ಬೀಳುವವರೆಗೆ ಸೊಂಟವನ್ನು ಹಿಂದೆ ಸರಿಸಿ, ಉಳಿದದ್ದನ್ನು ಎದೆಯಿಂದ ತುಂಬಿಸಬೇಕು. ಪಾದಗಳ ನಡುವೆಯೂ ಅಂತರ ಬೇಕು, ಒಂದು ಪಾದ ತುಸು ಮುಂದಿದ್ದರೆ ಪೋಸ್ ಇನ್ನೂ ಗಟ್ಟಿಯಾಗುತ್ತದೆ. ಭುಜದ ಕಂಟ್ರೋಲ್ ಕೆಳಗೆ ಇಳಿಸುವುದನ್ನು ಬಹಳಷ್ಟು ಶಾಟ್‌ಗಳಲ್ಲಿ ಮರೆತಿರುತ್ತಾರೆ. ಭಾರ ಹಿಡಿದ ಭುಜ ಕಿವಿಯಿಂದ ದೂರವಾಗಿ, ಕತ್ತು ಉದ್ದವಾಗಿ ಕಾಣುತ್ತದೆ.

ಸ್ಪ್ಲೈನ್: ‘ಎಲ್ಲ ತೇಲ್ತಾ ಇದೆ’

ಬ್ಲಾಕಿಂಗ್‌ನಲ್ಲಿ ಮೆಚ್ಚುಗೆ ಪಡೆದ ಶಾಟ್ ಸ್ಪ್ಲೈನ್ ಒತ್ತಿದ ತಕ್ಷಣ ಜೀವ ಕಳೆದುಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಈ ಶಾಟಿಗೂ ಹಾಗೇ ಆಯಿತು. ನೋಟ್ ಕೂಡ ಎಲ್ಲರಿಗೂ ಬರುವಂಥದ್ದೇ: ತೇಲುತ್ತಿದೆ, ನೀರಿನೊಳಗೆ ಇದ್ದಂತಿದೆ, ಅದರಲ್ಲೂ ಕೈಗಳು. ಕೈಗಳ ಕರ್ವ್ (ಫ್ರೇಮಿನಿಂದ ಫ್ರೇಮಿಗೆ ಚಲನೆ ಹೇಗೆ ಬದಲಾಗುತ್ತದೆ ಎಂದು ತೋರಿಸುವ ಗ್ರಾಫ್) ತೆರೆದು ಕೂರುವ ಆಸೆ ಬರುವುದು ಆಗಲೇ. ಆಸೆ ತಡೆದುಕೊಂಡು ಮೊದಲು ಯೋಚಿಸಬೇಕು.

ತೇಲುವಿಕೆಗೆ ಸಾಮಾನ್ಯವಾಗಿ ಮೂರು ಕಾರಣ. ದೇಹದ ಎಲ್ಲ ಕೀಗಳೂ ಒಂದೇ ಫ್ರೇಮಿನಲ್ಲಿರುವುದರಿಂದ ತಲೆ, ಸೊಂಟ, ಕೈ ಎಲ್ಲ ಒಟ್ಟಿಗೆ ಹೊರಟು ಒಟ್ಟಿಗೆ ನಿಲ್ಲುತ್ತವೆ. ಪ್ರತಿ ಕೀಯ ಎರಡೂ ಬದಿ ಸಾಫ್ಟ್‌ವೇರ್ ತಾನಾಗಿ ಒಂದೇ ಬಗೆಯ ಸ್ಲೋ ಇನ್, ಸ್ಲೋ ಔಟ್ (ಮೆಲ್ಲನೆ ಬಂದು ನಿಂತು ಮೆಲ್ಲನೆ ಹೊರಡುವುದು) ಕೊಡುವುದರಿಂದ ಗಟ್ಟಿ ಎಳೆತಕ್ಕೂ ಮೆಲ್ಲನೆ ತಿರುಗುವುದಕ್ಕೂ ಒಂದೇ ಸ್ಪೇಸಿಂಗ್ (ಪ್ರತಿ ಫ್ರೇಮಿನಲ್ಲಿ ಸರಿಯುವ ದೂರ) ಬೀಳುತ್ತದೆ. ಮೂರನೆಯದು, ಎರಡು ಪೋಸ್‌ಗಳ ನಡುವೆ ಬ್ರೇಕ್‌ಡೌನ್ (ನಡುವಿನ ದಾರಿ ತೋರಿಸುವ ಪೋಸ್) ಇಲ್ಲದೆ ಕಂಪ್ಯೂಟರ್ ಸರಾಸರಿ ಹಾಕಿದ ದಾರಿ.

ತಿದ್ದಿದ ಕ್ರಮ ಹೀಗಿತ್ತು. ಕೈ, ತಲೆ, ಬಟ್ಟೆ ಎಲ್ಲ ಅಡಗಿಸಿ ಸೊಂಟ ಮತ್ತು ಕಾಲು ಮಾತ್ರ ಉಳಿಸಿಕೊಂಡು ಪ್ಲೇಬ್ಲಾಸ್ಟ್ ನೋಡುವುದು. ಕೈಯಿಲ್ಲದ, ತಲೆಯಿಲ್ಲದ ಆ ಮೈ ಭಾರ ಎತ್ತುತ್ತಿರುವಂತೆ ಕಂಡರೆ ಮಾತ್ರ ಮುಂದೆ ಹೋಗುವುದು. ಇಲ್ಲಿ ಕಾಣಲಿಲ್ಲ: ಸೊಂಟದ ಮೇಲೆ ಕೆಳಗಿನ ಕರ್ವ್ 88ರಲ್ಲಿ ಇಳಿದು 120ರಲ್ಲಿ ಏರಿ, ನಡುವೆ ಒಂದು ನುಣುಪಾದ ಇಳಿಜಾರು. ಅಷ್ಟು ನುಣುಪಾಗಿ ಏಳುವುದು ಖಾಲಿ ಕೈಯವರು.

ಭಾರ ಎತ್ತುವ ಮೈ ರೆಫರೆನ್ಸ್‌ನಲ್ಲಿ ಬೇರೆಯೇ ಮಾಡುತ್ತದೆ. ಅದನ್ನು ಫ್ರೇಮ್ ಫ್ರೇಮಾಗಿ ನೋಡಿ ಕರ್ವ್‌ಗೆ ತಂದ ಬಗೆ ಇದು. 88ರಿಂದ 94ರವರೆಗೆ ಸೊಂಟ ಇನ್ನೂ ಕೆಳಗಿಳಿದು ಹಿಂದಕ್ಕೆ ಹೋಗುತ್ತದೆ. 94ರಿಂದ 98ರವರೆಗೆ ಮೂರು ನಾಲ್ಕು ಸೆಂಟಿಮೀಟರ್ ಮೇಲೇಳುತ್ತದೆ, ಪೆಟ್ಟಿಗೆ ಮಾತ್ರ ಅಲುಗುವುದಿಲ್ಲ. ಆ ನಾಲ್ಕು ಸೆಂಟಿಮೀಟರನ್ನು ನುಂಗುವುದು ಬಿಗಿಯಾಗುವ ಮೊಣಕೈ, ಕೆಳಗೆ ಜಗ್ಗುವ ಭುಜ, ಉದ್ದವಾಗುವ ಬೆನ್ನು. ಆಮೇಲೆ 98, 99ರಲ್ಲಿ ಸೊಂಟ ನಿಂತೇಬಿಡುತ್ತದೆ. ಕರ್ವ್‌ನಲ್ಲಿ ಅದೊಂದು ಪುಟ್ಟ ಮೆಟ್ಟಿಲು, ಎರಡೇ ಫ್ರೇಮಿನದು. ಪೆಟ್ಟಿಗೆಯ ಭಾರ ಪೂರ್ತಿ ಮೈಗೆ ಬಂದ ಕ್ಷಣ ಅದು. 100ರಲ್ಲಿ ಪೆಟ್ಟಿಗೆಯ ಒಂದು ಅಂಚು ನೆಲ ಬಿಡುತ್ತದೆ, ಇನ್ನೊಂದು ಅಂಚು ಬಿಡುವುದು 103ರಲ್ಲಿ. 100ರಿಂದ 24 ಫ್ರೇಮ್ ಏರಿಕೆ, ಆದರೆ ಸಮನಾಗಿ ಅಲ್ಲ: ಅರ್ಧ ಸಮಯವಾದ 112ರಲ್ಲಿ ಏರಿದ್ದು ಮೂರನೇ ಒಂದು ಎತ್ತರ ಮಾತ್ರ, 120ಕ್ಕೆ ಹತ್ತರಲ್ಲಿ ಒಂಬತ್ತು ಪಾಲು, 124ರಲ್ಲಿ ಎರಡು ಮೂರು ಸೆಂಟಿಮೀಟರ್ ಹೆಚ್ಚೇ ಹೋಗಿ, 130ಕ್ಕೆ ಕುಸಿದು ನೆಲೆಗೊಳ್ಳುತ್ತದೆ. ಭಾರವಾದ ವಸ್ತು ಹೊರಡಲೂ ಒಲ್ಲದು, ನಿಲ್ಲಲೂ ಒಲ್ಲದು.

ಆ ಮೆಟ್ಟಿಲು ಸೇರಿದ ಮೇಲೆ ಕೈಗಳ ಬಗ್ಗೆ ಬಂದಿದ್ದ ನೋಟ್‌ಗಳಲ್ಲಿ ಬಹುಪಾಲು, ಕೈಗಳ ಕರ್ವ್ ಮುಟ್ಟದೆಯೇ ಮಾಯವಾದವು.

ಇನ್ನೊಂದು ತಾಂತ್ರಿಕ ನಿರ್ಧಾರ ಇಲ್ಲಿ ಮುಖ್ಯ. ಪೆಟ್ಟಿಗೆಯನ್ನು ಕೈಗೆ ಕಟ್ಟಬೇಕೋ, ಕೈಯನ್ನು ಪೆಟ್ಟಿಗೆಗೆ ಕಟ್ಟಬೇಕೋ? ಹಗುರವಾದ ಚೆಂಡು, ಲೋಟಗಳನ್ನು ಕೈಗೆ ಕಟ್ಟಬಹುದು. ಭಾರದ ವಸ್ತುವಿನಲ್ಲಿ ಐಕೆ (ಅಂಗೈ ಇಟ್ಟ ಜಾಗಕ್ಕೆ ತಕ್ಕಂತೆ ತೋಳು ತಾನಾಗಿ ಮಡಚಿಕೊಳ್ಳುವ) ಕೈಗಳೇ ಪೆಟ್ಟಿಗೆಯನ್ನು ಹಿಂಬಾಲಿಸುವಂತಿದ್ದರೆ ಪೆಟ್ಟಿಗೆಗೆ ಅದರದೇ ಆದ ಸ್ವಚ್ಛ ಕರ್ವ್ ಸಿಗುತ್ತದೆ. ಕೈಗೆ ಕಟ್ಟಿದ ಪೆಟ್ಟಿಗೆ ಮಣಿಕಟ್ಟಿನ ಪ್ರತಿ ಸಣ್ಣ ಕಂಪನವನ್ನೂ ದೊಡ್ಡದಾಗಿ ತೋರಿಸುತ್ತದೆ. 20 ಕಿಲೊ ಪೆಟ್ಟಿಗೆ ನಡುಗಿದರೆ ತೂಕ ಅಲ್ಲೇ ಸತ್ತಂತೆ.

ಸೊಂಟ ಸರಿಯಾದ ಮೇಲೆ ಬೆನ್ನು, ಆಮೇಲೆ ತಲೆ, ಆಮೇಲೆ ಕೈ ಎಂಬ ಕ್ರಮದಲ್ಲಿ ಭಾಗಗಳನ್ನು ಒಂದೊಂದಾಗಿ ತೋರಿಸುತ್ತಾ ಹೋಗಬೇಕು. ಕೀಗಳನ್ನು ಒಂದರಿಂದ ಮೂರು ಫ್ರೇಮ್ ಹಿಂದೆ ಮುಂದೆ ಸರಿಸಿ ಓವರ್‌ಲ್ಯಾಪ್ (ಭಾಗಗಳು ಒಂದರ ಹಿಂದೆ ಒಂದು ಹೊರಟು ನಿಲ್ಲುವುದು) ಕೊಡುವುದು ಈಗ. ಆದರೆ ಎಲ್ಲವನ್ನೂ ಯಾಂತ್ರಿಕವಾಗಿ ಎರಡೆರಡು ಫ್ರೇಮ್ ತಳ್ಳುವುದು ಕೆಟ್ಟ ರೂಢಿ. ಹಾಗೆ ಮಾಡಿದರೆ ಎಲ್ಲ ಚಲನೆಯೂ ಅಲೆಯಂತಾಗಿ, ಗಟ್ಟಿ ಪೋಸ್‌ಗಳು ಕರಗಿಹೋಗುತ್ತವೆ. ಪ್ರತಿ ಸಲವೂ ಚಲನೆ ಎಲ್ಲಿಂದ ಹೊರಟಿತು ಎಂದು ಕೇಳಿಕೊಳ್ಳಬೇಕು. ಎತ್ತುವಾಗ ಸೊಂಟ ಮುಂದಾಳು; ಪೆಟ್ಟಿಗೆಯತ್ತ ನೋಡುವಾಗ ಕಣ್ಣು ಮುಂದಾಳು, ತಲೆ ಎರಡು ಮೂರು ಫ್ರೇಮ್ ತಡವಾಗಿ, ಎದೆ ಇನ್ನೂ ತಡವಾಗಿ.

ಎರಡು ಕೈ ಎರಡು ಭುಜ ಒಂದೇ ಕ್ಷಣದಲ್ಲಿ ಒಂದೇ ಆಕಾರಕ್ಕೆ ಬರುವ ಟ್ವಿನಿಂಗ್ ಕೂಡ ಈ ಸುತ್ತಿನಲ್ಲಿ ಹೊರಬಂತು. ಪೆಟ್ಟಿಗೆಯ ಒಂದು ಅಂಚು ಮೊದಲು ಎದ್ದದ್ದರಿಂದ ಒಂದು ಭುಜ ತಾನಾಗಿಯೇ ಮುಂಚೆ ಏರಿತು, ತೂಕ ಆ ಬದಿಯ ಕಾಲಿಗೆ ಹೋಯಿತು, ಟ್ವಿನಿಂಗ್ ಹೆಚ್ಚುಕಡಿಮೆ ಹೋಯಿತು. ಕಾರಣ ಇಟ್ಟುಕೊಂಡು ಮಾಡಿದ ವ್ಯತ್ಯಾಸ, ಸುಮ್ಮನೆ ಒಂದು ಕೈ ಸರಿಸುವುದಕ್ಕಿಂತ ಯಾವಾಗಲೂ ಚೆನ್ನಾಗಿ ಕೂರುತ್ತದೆ.

‘ಒಂದು ಕಡೆ ಜರ್ಕ್ ಆಯ್ತು’

ಈ ಬಗೆಯ ನೋಟ್‌ಗಳು ಬೇಗ ಮುಗಿಯುವಂಥವು, ಕಾರಣ ಗೊತ್ತಿದ್ದರೆ.

ಏಳುವಾಗ ಮೊಣಕಾಲು ಫಕ್ಕನೆ ಜಿಗಿದರೆ ಐಕೆ ಕಾಲು ತನ್ನ ಪೂರ್ತಿ ಉದ್ದಕ್ಕೆ ಬಂದಿದೆ ಎಂದರ್ಥ. ಕೊನೆಯ ಒಂದೆರಡು ಸೆಂಟಿಮೀಟರಿನಲ್ಲಿ ಸೊಂಟ ಸ್ವಲ್ಪ ಏರಿದರೂ ಮೊಣಕಾಲು ಬಹಳ ತಿರುಗುತ್ತದೆ. ಸೊಂಟವನ್ನು ಕೂದಲೆಳೆಯಷ್ಟು ಇಳಿಸುವುದು, ಹಿಮ್ಮಡಿ ಎತ್ತುವುದು, ರಿಗ್‌ನಲ್ಲಿದ್ದರೆ ತುಸು ಸ್ಟ್ರೆಚ್ ಕೊಡುವುದು, ಈ ಮೂರರಲ್ಲಿ ಒಂದು ಸಾಕು. ಮೊಣಕಾಲಿಗೇ ಕೀ ಹಾಕಿ ಹೊಡೆದಾಡಬಾರದು.

ಮಣಿಕಟ್ಟು ಒಂದು ಫ್ರೇಮಿನಲ್ಲಿ ಗಿರ್ರನೆ ಸುತ್ತಿದರೆ ಒಂದು ಕೀಯಲ್ಲಿ 170, ಮುಂದಿನದರಲ್ಲಿ ಮೈನಸ್ 170 ಇರುತ್ತದೆ. ನೋಡಲು ಇಪ್ಪತ್ತು ಡಿಗ್ರಿ ಅಂತರ, ಲೆಕ್ಕದಲ್ಲಿ 340. ಆಯ್ಲರ್ ಫಿಲ್ಟರ್ (ಇಂಥ ಕೋನದ ಜಿಗಿತ ತೆಗೆಯುವ ಸಾಧನ) ಸಾಮಾನ್ಯವಾಗಿ ಸರಿಮಾಡುತ್ತದೆ. ಮತ್ತೆ ಮತ್ತೆ ಬಂದರೆ ಆ ಕಂಟ್ರೋಲಿನ ರೊಟೇಟ್ ಆರ್ಡರ್ (ಮೂರು ಅಕ್ಷಗಳ ತಿರುವು ಲೆಕ್ಕಹಾಕುವ ಕ್ರಮ) ಶಾಟ್ ಶುರುವಿನಲ್ಲೇ ಬದಲಿಸಬೇಕು, ನಡುವೆ ಬದಲಿಸಿದರೆ ಹಳೆಯ ಕೀಗಳೆಲ್ಲ ಕೆಡುತ್ತವೆ.

76ರ ಹತ್ತಿರ ಕೈ ಪೆಟ್ಟಿಗೆಯನ್ನು ಬಿಟ್ಟು ಅದರ ಕೆಳಗಿನ ಅಂಚನ್ನು ಹಿಡಿಯುತ್ತದೆ. ಸ್ಪೇಸ್ ಸ್ವಿಚ್ (ಕೈ ಯಾವುದನ್ನು ಹಿಂಬಾಲಿಸಬೇಕು ಎಂಬುದರ ಬದಲಾವಣೆ) ಅಲ್ಲಿ. ಸ್ವಿಚ್‌ನ ಹಿಂದಿನ ಫ್ರೇಮಿನಲ್ಲೂ ಸ್ವಿಚ್‌ನ ಫ್ರೇಮಿನಲ್ಲೂ ಕೈಗೆ ಪೂರ್ತಿ ಕೀ ಇದ್ದು, ಸ್ವಿಚ್ ಸ್ಟೆಪ್ಡ್ ಆಗಿದ್ದು, ಎರಡೂ ಕಡೆ ಕರ್ವ್‌ನ ಇಳಿಜಾರು ಹೊಂದಬೇಕು. ಜಾಗ ಹೊಂದಿ ವೇಗ ಹೊಂದದಿದ್ದರೂ ಜರ್ಕ್ ಕಾಣುತ್ತದೆ, ಇದನ್ನು ಹಿಡಿಯುವುದು ಕಷ್ಟ. ಮಣಿಕಟ್ಟಿಗೆ ಮೋಶನ್ ಟ್ರೇಲ್ (ಸಾಗಿದ ದಾರಿಯನ್ನು ಫ್ರೇಮಿಗೊಂದು ಚುಕ್ಕೆಯಾಗಿ ತೋರಿಸುವ ಗೆರೆ) ಹಾಕಿದರೆ ಚುಕ್ಕೆಗಳ ಅಂತರದಲ್ಲಿ ತಟ್ಟನೆ ಗೊತ್ತಾಗುತ್ತದೆ. ಮೂಗಿನ ತುದಿಗೂ ಹೀಗೇ ಟ್ರೇಲ್ ಹಾಕಿ ನೋಡಬೇಕು. ತಲೆಯ ಆರ್ಕ್ (ಬಾಗಿದ ಚಲನೆಯ ದಾರಿ) ಮುರಿದಿರುವುದು ಅಲ್ಲಿ ಮೊದಲು ಕಾಣಿಸುತ್ತದೆ.

ಮುಖಕ್ಕೆ ಕೊನೆಯಲ್ಲಿ ಬಂದರೆ ಸಾಕು, ಮೈ ಸರಿಯಿದ್ದರೆ ಮುಖಕ್ಕೆ ಕೆಲಸ ಕಡಿಮೆ. ಕಣ್ಣಿನ ಡಾರ್ಟ್ (ನೋಟ ಫಕ್ಕನೆ ಸರಿಯುವುದು) ಒಂದು ಎರಡು ಫ್ರೇಮಿನಲ್ಲಿ ಮುಗಿಯಬೇಕು, ನಿಧಾನವಾಗಿ ಜಾರುವ ಕಣ್ಣು ಸತ್ತ ಕಣ್ಣು. ಮಿಟುಕಿಸುವುದಕ್ಕೆ ಮುಚ್ಚಲು ಎರಡು, ಮುಚ್ಚಿರಲು ಒಂದು, ತೆರೆಯಲು ಮೂರು ಫ್ರೇಮ್ ಒಳ್ಳೆಯ ಆರಂಭ. ಭಾರ ಗೊತ್ತಾದ ಮೇಲಿನ ಒಂದು ಮಿಟುಕು, ಯೋಚನೆ ಬದಲಾದದ್ದನ್ನು ಯಾವ ಹುಬ್ಬಿಗಿಂತಲೂ ಚೆನ್ನಾಗಿ ಹೇಳಿತು. ಕೊನೆಯ 14 ಫ್ರೇಮ್ ಅವಳು ನಿಂತಿರುವಾಗ ಪೂರ್ತಿ ಕಲ್ಲಾಗಬಾರದು. ಎದೆ ಉಸಿರಿಗೆ ಏರಿ ಇಳಿಯಲಿ, ಪೆಟ್ಟಿಗೆ ಅದರೊಂದಿಗೆ ಒಂದು ಸೆಂಟಿಮೀಟರ್ ಜಗ್ಗಲಿ.

ನೋಟ್‌ಗಳು ಪರಸ್ಪರ ಜಗಳವಾಡಿದಾಗ

64ನೇ ಫ್ರೇಮಿನ ಬಗ್ಗೆ ಒಬ್ಬರು ‘ಇನ್ನೂ ಬೇಗ ಆಗಬೇಕು’ ಎಂದರು, ಇನ್ನೊಬ್ಬರು ‘ಇನ್ನಷ್ಟು ಹೊತ್ತು ನಿಲ್ಲಿಸಿ’ ಎಂದರು. ಇಂಥಲ್ಲಿ ಯಾರು ಹಿರಿಯರು ಎಂದು ನೋಡಿ ಆರಿಸುವುದು ಬೇಡ. ಇಬ್ಬರೂ ಒಂದೇ ಫ್ರೇಮಿಗೆ ಬೆರಳು ಮಾಡಿದ್ದಾರೆ ಎನ್ನುವುದನ್ನು ಗಮನಿಸಬೇಕು. ಪರಿಹಾರ ಬೇರೆ ಬೇರೆ, ತೊಂದರೆ ಒಂದೇ. ಅಲ್ಲಿ ತಲೆ ಹೋಲ್ಡ್‌ನ (ಪೋಸ್ ನಿಂತಿರುವ ಹೊತ್ತು) ನಡುವೆ ಕಾರಣವಿಲ್ಲದೆ ಮೆಲ್ಲನೆ ಜಾರುತ್ತಿತ್ತು. ನಿಂತಿದ್ದೂ ಅಲ್ಲ, ಹೊರಟಿದ್ದೂ ಅಲ್ಲ. ತಲೆಯನ್ನು ಗಟ್ಟಿಯಾಗಿ ನಿಲ್ಲಿಸಿ, ಆಮೇಲೆ ಚುರುಕಾಗಿ ತಿರುಗಿಸಿದಾಗ ಇಬ್ಬರಿಗೂ ಒಪ್ಪಿಗೆಯಾಯಿತು. ಹಾಗಾಗಿ ನೋಟ್‌ನಲ್ಲಿರುವ ಪರಿಹಾರಕ್ಕಿಂತ ಫ್ರೇಮ್ ನಂಬರನ್ನು ಹೆಚ್ಚು ನಂಬಬೇಕು.

ಒಂದು ಸುತ್ತಿನ ಎಲ್ಲ ನೋಟ್‌ಗಳನ್ನೂ ಬಂದ ಕ್ರಮದಲ್ಲಿ ತಿದ್ದುವುದು ಸಮಯ ಹಾಳು. ಮೊದಲು ಕಥೆ ಮತ್ತು ಪೋಸ್, ಆಮೇಲೆ ತೂಕ, ಆಮೇಲೆ ಟೈಮಿಂಗ್, ಸ್ಪೇಸಿಂಗ್, ಕೊನೆಗೆ ಬೆರಳು, ಕಣ್ಣು. ಮೇಲಿನದು ತಿದ್ದಿದರೆ ಕೆಳಗಿನ ಎಷ್ಟೋ ನೋಟ್‌ಗಳು ಇಲ್ಲವಾಗುತ್ತವೆ. ಫೀಡ್‌ಬ್ಯಾಕ್ ಕೊಡುವವರ ಎದುರು ಸಮರ್ಥನೆಗೆ ಇಳಿಯದೆ, ಅವರ ಮಾತನ್ನು ಅವರದೇ ಶಬ್ದಗಳಲ್ಲಿ ಬರೆದುಕೊಳ್ಳುವುದೂ ಅಷ್ಟೇ ಮುಖ್ಯ. ‘ಸುಸ್ತಾದವಳ ಹಾಗೆ ಕಾಣ್ತಾಳೆ’ ಎಂದಿದ್ದನ್ನು ‘ಬೆನ್ನು ತಿದ್ದು’ ಎಂದು ಬರೆದುಕೊಂಡರೆ, ಕಾರಣ ಬೆನ್ನಲ್ಲ ಎಂದು ಗೊತ್ತಾಗುವ ದಾರಿಯೇ ಮುಚ್ಚಿಹೋಗುತ್ತದೆ.

ನೋಟ್ಸ್ ಪುಸ್ತಕ

ಇದಕ್ಕಾಗಿ ಒಂದು ಶೀಟ್ ಇಡುವುದು ಒಳ್ಳೆಯದು. ಶಾಟ್ ಮತ್ತು ಫ್ರೇಮ್, ನೋಡಿದವರ ಮಾತು, ಸಿಕ್ಕಿದ ಕಾರಣ, ಮಾಡಿದ ಬದಲಾವಣೆ, ಮುಂದಿನ ಸುತ್ತಿನಲ್ಲಿ ಆ ನೋಟ್ ಮತ್ತೆ ಬಂತೋ ಇಲ್ಲವೋ. ಕೊನೆಯದನ್ನು ಬಹಳ ಜನ ಬರೆಯುವುದಿಲ್ಲ, ಕಲಿಕೆ ಇರುವುದೇ ಅಲ್ಲಿ. ನಾಲ್ಕೈದು ಶಾಟ್‌ಗಳ ನೋಟ್ಸ್ ಸೇರಿದಾಗ ಕಾರಣದ ಸಾಲಿನಲ್ಲಿ ಒಂದೇ ಮಾತು ಮರುಕಳಿಸುವುದು ಕಾಣುತ್ತದೆ. ಶಾಟ್ ಬೇರೆ, ಪಾತ್ರ ಬೇರೆ, ರಿಗ್ ಬೇರೆ, ಆದರೂ ‘ಸೊಂಟದ ಕರ್ವ್ ಸಮವಾಗಿತ್ತು’ ಎಂದೇ ಇರುತ್ತದೆ.

ಆಗ ಮಾಡಬೇಕಾದ್ದು ಇನ್ನೊಂದು ದೊಡ್ಡ ಶಾಟ್ ಅಲ್ಲ, ಆ ಕಾರಣಕ್ಕೇ ಹೊಂದುವ ಸಣ್ಣ ಅಭ್ಯಾಸ. ಸ್ಪೇಸಿಂಗ್ ಸಮಸ್ಯೆಗೆ ಮತ್ತೆ ಚೆಂಡಿಗೇ ಹಿಂತಿರುಗಬೇಕು, ಈ ಸಲ ಲೆಕ್ಕ ಇಟ್ಟುಕೊಂಡು. 24 ಫ್ರೇಮ್ ಲೆಕ್ಕದಲ್ಲಿ ಕೈಬಿಟ್ಟ ವಸ್ತು 6 ಫ್ರೇಮಿನಲ್ಲಿ ಸುಮಾರು 30 ಸೆಂಟಿಮೀಟರ್, 12ರಲ್ಲಿ ಸುಮಾರು 1.2 ಮೀಟರ್, 24ರಲ್ಲಿ ಸುಮಾರು 4.9 ಮೀಟರ್ ಬೀಳುತ್ತದೆ. ಒಂದೊಂದು ಫ್ರೇಮಿನಲ್ಲಿ ಕ್ರಮಿಸುವ ದೂರ 1, 3, 5, 7 ಎಂಬ ಪ್ರಮಾಣದಲ್ಲಿ ಬೆಳೆಯುತ್ತದೆ. ಮೊದಲ ಫ್ರೇಮಿನಲ್ಲಿ ಒಂದು ಸೆಂಟಿಮೀಟರಿಗಿಂತಲೂ ಕಡಿಮೆ. ಪಾತ್ರ ಜಿಗಿದಾಗ ಸೊಂಟಕ್ಕೂ ಇದೇ ನಿಯಮ: 45 ಸೆಂಟಿಮೀಟರ್ ಏರಬೇಕಾದರೆ ಏರಲು ಸುಮಾರು 7, ಇಳಿಯಲು 7 ಫ್ರೇಮ್. ಅದಕ್ಕೆ 24 ಕೊಟ್ಟರೆ ಪಾತ್ರ ಚಂದ್ರನ ಮೇಲಿದ್ದಂತೆ ಕಾಣುತ್ತದೆ, ಎಷ್ಟೇ ಚೆಂದದ ಪೋಸ್ ಇದ್ದರೂ. ರಿಗ್‌ನ ಅಳತೆ ಮೊದಲು ನೋಡಿಕೊಳ್ಳಬೇಕು. ಪಾತ್ರದ ಎತ್ತರ 1.6 ಮೀಟರಿಗೆ ಸಾಫ್ಟ್‌ವೇರಿನ ಎಷ್ಟು ಯೂನಿಟ್ ಎಂದು ತಿಳಿಯದೆ ಈ ಲೆಕ್ಕ ಹಾಕಲಾಗದು. ಲೆಕ್ಕ ಅಡಿಪಾಯ ಮಾತ್ರ. ಕಾರ್ಟೂನ್ ಶೈಲಿಯಲ್ಲಿ ಮೇಲೆ ಎರಡು ಫ್ರೇಮ್ ಹೆಚ್ಚು ನಿಲ್ಲಿಸುವುದು ತಪ್ಪಲ್ಲ, ಆದರೆ ನಿಜವಾದದ್ದು ಎಷ್ಟು ಎಂದು ತಿಳಿದು ನಿಲ್ಲಿಸಬೇಕು.

ತನ್ನ ಕೆಲಸವನ್ನು ತಾನೇ ವಿಮರ್ಶಿಸುವುದಕ್ಕೂ ಇದೇ ಶೀಟ್ ಸಾಕು. ಶಾಟನ್ನು ಕೆಲವು ದಿನ ಮುಟ್ಟದೆ ಇಟ್ಟು, ಮೊದಲ ಸಲ ಪೂರ್ತಿ ವೇಗದಲ್ಲಿ ಒಮ್ಮೆ, ಎರಡನೆಯ ಸಲ ಎಡಬಲ ತಿರುಗಿಸಿ ಒಮ್ಮೆ ನೋಡಿ, ಕಂಡದ್ದನ್ನು ಫ್ರೇಮ್ ನಂಬರಿನೊಂದಿಗೆ ಬರೆಯಬೇಕು. ಬೇರೆಯವರಿಗೆ ತೋರಿಸುವುದು ಅದಾದ ಮೇಲೆ. ಎರಡು ಪಟ್ಟಿ ಅಕ್ಕಪಕ್ಕ ಇಟ್ಟರೆ, ಇಬ್ಬರಿಗೂ ಕಂಡದ್ದರಲ್ಲಿ ಕಣ್ಣು ಪಳಗಿದೆ, ಕೈ ಪಳಗಬೇಕು. ಅವರಿಗೆ ಮಾತ್ರ ಕಂಡದ್ದರಲ್ಲಿ ಕಣ್ಣೇ ಇನ್ನೂ ಪಳಗಿಲ್ಲ. ಮೊದಲನೆಯದಕ್ಕೆ ಮೇಲೆ ಹೇಳಿದಂಥ ಅಭ್ಯಾಸ. ಎರಡನೆಯದಕ್ಕೆ ರೆಫರೆನ್ಸ್ ವಿಡಿಯೊಗಳನ್ನು ಫ್ರೇಮ್ ಫ್ರೇಮಾಗಿ ಸರಿಸುತ್ತಾ, ಸೊಂಟ ಎಲ್ಲಿ ನಿಂತಿತು, ಭುಜ ಯಾವಾಗ ಜಗ್ಗಿತು, ಕಣ್ಣು ಎಷ್ಟು ಮೊದಲು ಹೊರಟಿತು ಎಂದು ಗುರುತು ಹಾಕುವ ಕೆಲಸ. ಮುಂದಿನ ಶಾಟ್ ಯಾವುದು ಎಂಬುದನ್ನು ಅವರಿಗೆ ಮಾತ್ರ ಕಂಡವುಗಳ ಪಟ್ಟಿ ನೋಡಿಯೇ ಆರಿಸುವುದು ಒಳ್ಳೆಯದು: ಅದರಲ್ಲಿ ಹೆಚ್ಚು ಸಲ ಬಂದಿರುವುದು ತೂಕವಾದರೆ ತಳ್ಳುವ ಅಥವಾ ಎಳೆಯುವ ಶಾಟ್, ಯೋಚನೆಯ ಹೋಲ್ಡ್ ಆದರೆ ಮಾತಿಲ್ಲದೆ ಕಾಯುವ ಪಾತ್ರದ ಶಾಟ್.